ಉತ್ತಮರ್ಣ ಮತ್ತು ಅಧಮರ್ಣ: ಕೇನ್ಸರ ಶಾಂತಿಗ್ರಂಥದ ಪುನರ್ವಿಮರ್ಶೆ

೧

ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಗೆದ್ದ ರಾಷ್ಟ್ರಗಳು ಜರ್ಮನಿಯ ಮೇಲೆ ಹೊರಲಾರದ ಹೊರೆಯನ್ನು ಹೊರಿಸಿದವು. ಆ ಅನ್ಯಾಯವೇ ಹಿಟ್ಲರನನ್ನು ಹುಟ್ಟಿಸಿತು. ಹಿಟ್ಲರನು ಎರಡನೆಯ ಮಹಾಯುದ್ಧವನ್ನು ತಂದನು. ಶಾಲೆಯಲ್ಲಿ ಚರಿತ್ರೆಯನ್ನು ಓದಿದ ನಮ್ಮಲ್ಲಿ ಹೆಚ್ಚಿನವರು ಈ ವಾಕ್ಯಸರಣಿಯನ್ನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಗಳಿಸಿದವರೇ. ಅದು ಎಲ್ಲಿಂದ ಬಂದಿತು, ಮೊದಲು ಹೇಳಿದವರು ಯಾರು, ಯಾವ ಲೆಕ್ಕದ ಆಧಾರದಿಂದ ಹೇಳಿದರು ಎಂಬುದನ್ನು ಕೇಳುವ ಅವಕಾಶ ಆ ವಯಸ್ಸಿನಲ್ಲಿ ನಮಗಿರಲಿಲ್ಲ.

ಈ ನಂಬಿಕೆಯ ಮೂಲವನ್ನು ಹುಡುಕುತ್ತ ಹೋದರೆ ಬಹುಮಟ್ಟಿಗೆ ಒಂದೇ ಗ್ರಂಥದ ಬಳಿಗೆ ಬಂದು ನಿಲ್ಲುತ್ತೇವೆ. ೧೯೧೯ರ ಡಿಸೆಂಬರಿನಲ್ಲಿ ಲಂಡನ್ನಿನ ಮ್ಯಾಕ್ಮಿಲನ್ ಸಂಸ್ಥೆಯ ಮೂಲಕ ಹೊರಬಂದ, ಜಾನ್ ಮೇನಾರ್ಡ್ ಕೇನ್ಸರ ‘ಶಾಂತಿಯ ಆರ್ಥಿಕ ಪರಿಣಾಮಗಳು’ ಎಂಬ ಗ್ರಂಥವದು. ಅದು ಅನೇಕ ಭಾಷೆಗಳಿಗೆ ಅನುವಾದಗೊಂಡು, ಅರ್ಥಶಾಸ್ತ್ರದ ಪುಸ್ತಕಗಳಿಗೆ ಎಂದೂ ದೊರೆಯದಷ್ಟು ಓದುಗರನ್ನು ಕೆಲವೇ ತಿಂಗಳುಗಳಲ್ಲಿ ಗಳಿಸಿತು. ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯ ಕೀರ್ತಿಯನ್ನು ಒಂದು ಪುಸ್ತಕವು ಇಷ್ಟು ಬೇಗ, ಇಷ್ಟು ಪೂರ್ಣವಾಗಿ ಕೆಡಿಸಿದ ಉದಾಹರಣೆ ಆಧುನಿಕ ಚರಿತ್ರೆಯಲ್ಲಿ ಮತ್ತೊಂದಿಲ್ಲವೆಂದು ತೋರುವುದು.

ಪ್ರಕೃತ ಲೇಖನದ ಉದ್ದೇಶ ಆ ಗ್ರಂಥವನ್ನು ಮೂರು ದೃಷ್ಟಿಗಳಿಂದ ಪರಿಶೀಲಿಸುವುದು. ಅದರ ಲೆಕ್ಕ ಎಷ್ಟರಮಟ್ಟಿಗೆ ಸರಿ? ಅದರ ಭವಿಷ್ಯವಾಣಿ ಎಷ್ಟರಮಟ್ಟಿಗೆ ಫಲಿಸಿತು? ಅದು ಯಾರ ಖಾತೆಗಳನ್ನು ತೆರೆದು ನೋಡಿತು, ಯಾರ ಖಾತೆಗಳನ್ನು ತೆರೆಯದೆಯೇ ಬಿಟ್ಟಿತು? ಮೂರನೆಯ ಪ್ರಶ್ನೆ ನಮ್ಮ ದೇಶಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಈ ಲೇಖಕನು ಇತಿಹಾಸದ ಪ್ರಾಧ್ಯಾಪಕನಲ್ಲ. ಎರಡು ದಶಕಗಳಿಂದ ಬ್ಯಾಂಕಿನ ಸಾಲವಿಭಾಗದಲ್ಲಿ ಕುಳಿತವನು. ಸಾಲಕ್ಕೂ ಶಾಂತಿಗೂ ಇರುವ ಸಂಬಂಧವನ್ನು ಆ ಕುರ್ಚಿಯಿಂದ ನೋಡಿದರೆ ಕಾಣುವುದೆಷ್ಟೋ ಅಷ್ಟನ್ನು ಮಾತ್ರ ಇಲ್ಲಿ ನಿವೇದಿಸಿದೆ.

೨

ಮೊದಲು ಸಂದರ್ಭವನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತ. ಪ್ಯಾರಿಸಿನ ಶಾಂತಿಸಮ್ಮೇಳನ ೧೯೧೯ರ ಜನವರಿ ೧೮ರಂದು ಆರಂಭವಾಯಿತು. ೧೮೭೧ರಲ್ಲಿ ಇದೇ ದಿನಾಂಕದಂದು ವರ್ಸೇಲ್ಸಿನ ಕನ್ನಡಿಗಳ ಸಭಾಂಗಣದಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆಯಾಗಿದ್ದಿತು. ಅದೇ ಸಭಾಂಗಣದಲ್ಲಿ ೧೯೧೯ರ ಜೂನ್ ೨೮ರಂದು ಜರ್ಮನಿ ಕೌಲಿಗೆ ಸಹಿ ಹಾಕಿತು. ದಿನಾಂಕಗಳ ಈ ಆಯ್ಕೆಯೇ ಫ್ರಾನ್ಸಿನ ಮನಸ್ಸನ್ನು ತಿಳಿಸುವುದು. ಅಮೆರಿಕದ ವಿಲ್ಸನ್, ಬ್ರಿಟನ್ನಿನ ಲಾಯ್ಡ್ ಜಾರ್ಜ್, ಫ್ರಾನ್ಸಿನ ಕ್ಲೆಮೆನ್ಸೊ, ಇಟಲಿಯ ಒರ್ಲಾಂಡೊ ಈ ನಾಲ್ವರು ಮುಖ್ಯ ನಿರ್ಣಾಯಕರು. ಬ್ರಿಟಿಷ್ ಖಜಾನೆಯ ಪ್ರಮುಖ ಪ್ರತಿನಿಧಿಯಾಗಿ ಅಲ್ಲಿದ್ದ ಕೇನ್ಸರಿಗೆ ಆಗ ವಯಸ್ಸು ಮೂವತ್ತಾರು. ಕೌಲಿನ ಆರ್ಥಿಕ ವಿಧಿಗಳನ್ನು ಕಂಡು ಬೇಸತ್ತು, ಸಹಿಯ ದಿನಕ್ಕೆ ಮುಂಚೆಯೇ ರಾಜೀನಾಮೆಯಿತ್ತು ಹೊರಬಂದು, ಕೆಲವೇ ತಿಂಗಳುಗಳಲ್ಲಿ ಈ ಗ್ರಂಥವನ್ನು ಬರೆದು ಮುಗಿಸಿದರು.

ಗ್ರಂಥಕ್ಕೆ ಏಳು ಅಧ್ಯಾಯಗಳು. ಸಾಮಾನ್ಯ ಓದುಗರು ನೆನಪಿಡುವುದು ಮೂರನೆಯದನ್ನು, ಅಂದರೆ ಸಮ್ಮೇಳನದ ಮುಖಂಡರ ವ್ಯಕ್ತಿಚಿತ್ರಗಳನ್ನು. ಬೂದು ಕೈಗವಸು ತೊಟ್ಟು, ಕಣ್ಣು ಮುಚ್ಚಿ ಕುಳಿತ ಕ್ಲೆಮೆನ್ಸೊ, ಸಭೆಯ ಚುರುಕಿಗೆ ಹೊಂದಿಕೊಳ್ಳಲಾರದ ಧರ್ಮೋಪದೇಶಕನಂತಹ ವಿಲ್ಸನ್ ಇವರ ಚಿತ್ರಗಳು ಓದಿದವರ ಮನಸ್ಸಿನಿಂದ ಮಾಸುವಂಥವಲ್ಲ. ಆದರೆ ಅವು ನಿಂದೆಯ ಕಲೆಯ ಉತ್ತಮ ಮಾದರಿಗಳೇ ಹೊರತು ಪ್ರಮಾಣವಲ್ಲ. ಗ್ರಂಥದ ಬೆನ್ನೆಲುಬು ಐದನೆಯ ಅಧ್ಯಾಯದಲ್ಲಿದೆ. ಯುದ್ಧಪರಿಹಾರದ ಲೆಕ್ಕ ಅಲ್ಲಿ ಬರುವುದು.

ಸಾಲ ವಸೂಲಿಗೆ ಕುಳಿತ ಯಾವ ಅಧಿಕಾರಿಯೂ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಈತನು ಕೊಡಬೇಕಾದದ್ದೆಷ್ಟು? ಕೊಡಬಲ್ಲದ್ದೆಷ್ಟು? ಕೊಟ್ಟದ್ದು ಯಾವ ರೂಪದಲ್ಲಿ ನಮ್ಮ ಕೈ ಸೇರುವುದು? ಪ್ಯಾರಿಸಿನಲ್ಲಿ ಈ ಮೂರೂ ಕಲಸಿಹೋಗಿದ್ದವು. ಅವುಗಳನ್ನು ಬಿಡಿಸಿ ತೋರಿಸಿದ್ದೇ ಕೇನ್ಸರ ಹಿರಿಯ ಸಾಧನೆ.

ಮೊದಲನೆಯ ಪ್ರಶ್ನೆಗೆ ಅವರ ಉತ್ತರ ಹೀಗೆ: ನಾಗರಿಕರಿಗಾದ ನಷ್ಟವನ್ನು ಮಾತ್ರ ಎಣಿಸಿದರೆ ಜರ್ಮನಿಯ ಹೊಣೆ ೨೦೦ ಕೋಟಿ ಪೌಂಡುಗಳಿಗಿಂತ ಸ್ವಲ್ಪ ಹೆಚ್ಚು, ಸೈನಿಕರ ನಿವೃತ್ತಿವೇತನ ಮತ್ತು ಕುಟುಂಬಭತ್ಯಗಳನ್ನೂ ಸೇರಿಸಿದರೆ ಅದು ಸುಮಾರು ೮೦೦ ಕೋಟಿ ಪೌಂಡುಗಳಿಗೆ ಏರುವುದು. ನಾಗರಿಕ ನಷ್ಟಕ್ಕೆ ಮಾತ್ರ ಪರಿಹಾರವೆಂದು ಯುದ್ಧವಿರಾಮಕ್ಕೆ ಮುಂಚೆ ಒಪ್ಪಿದ್ದ ಮಿತ್ರರಾಷ್ಟ್ರಗಳು ಅನಂತರ ನಿವೃತ್ತಿವೇತನವನ್ನು ತುರುಕಿದ್ದು ವಚನಭಂಗವೆಂಬ ಅವರ ಆಕ್ಷೇಪ ನ್ಯಾಯವಾದದ್ದು. ಎರಡನೆಯ ಪ್ರಶ್ನೆಗೆ ಅವರು ಸೂಚಿಸಿದ ಮೊತ್ತ ೨೦೦ ಕೋಟಿ ಪೌಂಡು. ಅದರಲ್ಲಿ ೫೦ ಕೋಟಿಯನ್ನು ಜರ್ಮನಿ ಒಪ್ಪಿಸಿದ ಹಡಗು ಮುಂತಾದವುಗಳ ಬಾಬತ್ತು ಜಮಾ ಮಾಡಿ, ಉಳಿದ ೧೫೦ ಕೋಟಿಯನ್ನು ಬಡ್ಡಿಯಿಲ್ಲದೆ ವರ್ಷಕ್ಕೆ ೫ ಕೋಟಿಯಂತೆ ಮೂವತ್ತು ಕಂತುಗಳಲ್ಲಿ ಪಡೆಯಬೇಕೆಂದರು. ಮೂರನೆಯ ಪ್ರಶ್ನೆಗೆ ಅವರ ಉತ್ತರವೇ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ದೇಶ ಹೊರದೇಶಕ್ಕೆ ನಿಜವಾಗಿ ತೆರಬಲ್ಲದ್ದು ತನ್ನ ರಫ್ತು ಆಮದಿಗಿಂತ ಎಷ್ಟು ಹೆಚ್ಚಿದೆಯೋ ಅಷ್ಟನ್ನು ಮಾತ್ರ. ಜರ್ಮನಿಯ ಹಡಗು, ಗಣಿ, ವಸಾಹತುಗಳನ್ನು ಕಿತ್ತುಕೊಂಡು, ಅದರ ಸರಕಿಗೆ ಮಾರುಕಟ್ಟೆಯನ್ನೂ ಮುಚ್ಚಿ, ಹಣವನ್ನು ಮಾತ್ರ ಕೇಳುವುದು, ಎತ್ತನ್ನು ಹರಾಜು ಹಾಕಿದ ಮೇಲೆ ರೈತನ ಬಳಿ ಬೆಳೆಯ ಕಂತು ಕೇಳಿದಂತೆ.

ಸಾಲ ತರುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಜೊತೆಗಿಟ್ಟು ತೋರಿಸಿದ ಸರ್ವಜ್ಞನ ತ್ರಿಪದಿ ನಮ್ಮವರಿಗೆಲ್ಲ ಕಂಠಪಾಠವಾಗಿದೆ. ಯುದ್ಧಪರಿಹಾರವೆಂಬ ಋಣಕ್ಕೆ ಆ ಮೊದಲ ಅರ್ಧವೇ ಇಲ್ಲ. ಪಡೆದದ್ದು ಏನೂ ಇಲ್ಲದೆ ತೀರಿಸಬೇಕಾದ ಸಾಲ ಅದು. ಆದ್ದರಿಂದಲೇ ಅದರ ವಸೂಲಿ ಬೇರೆ ಯಾವ ಸಾಲದ ವಸೂಲಿಗಿಂತಲೂ ಕಠಿನ.

೩

ಲೆಕ್ಕದ ತತ್ತ್ವ ಸರಿಯಾದದ್ದು. ಹಾಗಾದರೆ ಮುಂದೆ ನಡೆದದ್ದೇನು? ಇಲ್ಲಿಂದ ಕೇನ್ಸರ ಅಭಿಮಾನಿಗಳು ಸ್ವಲ್ಪ ನಿಧಾನವಾಗಿ ನಡೆಯಬೇಕಾಗುತ್ತದೆ.

೧೯೨೧ರ ಮೇ ತಿಂಗಳಲ್ಲಿ ಮಿತ್ರರಾಷ್ಟ್ರಗಳು ಲಂಡನ್ನಿನಲ್ಲಿ ಗೊತ್ತುಪಡಿಸಿದ ಮೊತ್ತ ೧೩,೨೦೦ ಕೋಟಿ ಚಿನ್ನದ ಮಾರ್ಕ್, ಅಂದರೆ ಸುಮಾರು ೬೬೦ ಕೋಟಿ ಪೌಂಡು. ಪಠ್ಯಪುಸ್ತಕಗಳಲ್ಲಿ ಕಾಣುವ ಭಯಂಕರ ಅಂಕಿ ಇದೇ. ಆದರೆ ಆ ಮೊತ್ತವನ್ನು ಮೂರು ವರ್ಗದ ಋಣಪತ್ರಗಳಾಗಿ ವಿಂಗಡಿಸಿದ್ದರು. ಮೊದಲ ಎರಡು ವರ್ಗಗಳು ಸೇರಿ ೫,೦೦೦ ಕೋಟಿ ಮಾರ್ಕ್. ಮೂರನೆಯ ವರ್ಗದ ೮,೨೦೦ ಕೋಟಿ ಕೇವಲ ಕಾಗದದ ಮೇಲಿನದು. ಫ್ರಾನ್ಸ್ ಮತ್ತು ಬ್ರಿಟನ್ನಿನ ಮತದಾರರ ಸಮಾಧಾನಕ್ಕಾಗಿ ಬರೆದದ್ದು. ವಸೂಲಾಗದೆಂದು ಎಲ್ಲರಿಗೂ ತಿಳಿದಿದ್ದರೂ ಖಾತೆಯಿಂದ ತೆಗೆಯಲು ಯಾರೂ ಧೈರ್ಯಮಾಡದ ಬಾಕಿಗಳನ್ನು ಬ್ಯಾಂಕಿನವರು ಕಾಣದವರಲ್ಲ.

ನಿಜವಾದ ಬೇಡಿಕೆ ಹೀಗೆ ೨೫೦ ಕೋಟಿ ಪೌಂಡುಗಳಿಗೆ ಇಳಿಯುವುದು. ಕೇನ್ಸರ ೨೦೦ ಕೋಟಿಗೆ ಇದು ಸಮೀಪದಲ್ಲಿಯೇ ಇದೆ. ಆದರೆ ಇಲ್ಲೊಂದು ಎಚ್ಚರ ಅವಶ್ಯ. ಕೇನ್ಸರ ಕಂತುಗಳಿಗೆ ಬಡ್ಡಿಯಿಲ್ಲ. ಲಂಡನ್ನಿನ ಋಣಪತ್ರಗಳಿಗೆ ಬಡ್ಡಿಯಿದೆ. ಶೇಕಡಾ ೫ರ ದರದಲ್ಲಿ ಲೆಕ್ಕ ಹಾಕಿದರೆ ಕೇನ್ಸರ ಮೂವತ್ತು ಕಂತುಗಳ ವರ್ತಮಾನ ಮೌಲ್ಯ ಸುಮಾರು ೭೭ ಕೋಟಿ ಪೌಂಡು ಮಾತ್ರ. ಜಮಾ ಮಾಡಿದ ೫೦ ಕೋಟಿಯನ್ನು ಕೂಡಿಸಿದರೂ ೧೨೭ ಕೋಟಿ. ಅಂದಮೇಲೆ ನಿಜವಾದ ಬೇಡಿಕೆಯು ಕೇನ್ಸರ ಸಲಹೆಯ ಸುಮಾರು ಇಮ್ಮಡಿ. ಇಮ್ಮಡಿಯೆಂಬುದು ಸಣ್ಣ ಅಂತರವಲ್ಲ. ಆದರೆ ಜನಪ್ರಿಯ ಕಥೆಯಲ್ಲಿ ಬರುವಂತಹ ಅಸಂಭವ ಮೊತ್ತವೂ ಅಲ್ಲ.

ಜರ್ಮನಿ ನಿಜವಾಗಿ ಕೊಟ್ಟದ್ದೆಷ್ಟು? ಪರಿಹಾರ ಆಯೋಗ ಮುಂತಾದವರ ಲೆಕ್ಕದಂತೆ, ೧೯೩೨ರ ವರೆಗೆ ನಗದು ಮತ್ತು ಸರಕು ಎಲ್ಲವೂ ಸೇರಿ ಸುಮಾರು ೨,೦೦೦ ಕೋಟಿ ಮಾರ್ಕ್. ೧೯೨೩ರ ಜನವರಿಯಲ್ಲಿ ಕಂತು ಸುಸ್ತಿಯಾಯಿತೆಂದು ಫ್ರಾನ್ಸ್ ಮತ್ತು ಬೆಲ್ಜಿಯಮ್ ಸೇನೆಗಳು ರೂರ್ ಪ್ರಾಂತಕ್ಕೆ ನುಗ್ಗಿದವು. ಅಲ್ಲಿಯ ಅಸಹಕಾರವನ್ನು ಪೋಷಿಸಲು ಜರ್ಮನ್ ಸರಕಾರ ನೋಟುಗಳನ್ನು ಅಚ್ಚುಹಾಕುತ್ತ ಹೋಗಿ, ನವೆಂಬರಿನ ಹೊತ್ತಿಗೆ ಒಂದು ಡಾಲರಿಗೆ ೪,೨೦,೦೦೦ ಕೋಟಿ ಮಾರ್ಕ್ ಎಂಬಲ್ಲಿಗೆ ಬಂದಿತು. ೧೯೨೪ರ ಡಾವ್ಸ್ ಯೋಜನೆ ಕಂತುಗಳನ್ನು ತಗ್ಗಿಸಿ, ೮೦ ಕೋಟಿ ಮಾರ್ಕುಗಳ ಹೊರದೇಶದ ಸಾಲವನ್ನೂ ಒದಗಿಸಿತು. ಆ ಬಳಿಕ ಅಮೆರಿಕದ ಹಣ ಜರ್ಮನಿಗೆ ಸಾಲವಾಗಿ ಹರಿಯಿತು. ಜರ್ಮನಿಯಿಂದ ಅದು ಪರಿಹಾರವಾಗಿ ಪ್ಯಾರಿಸಿಗೂ ಲಂಡನ್ನಿಗೂ, ಅಲ್ಲಿಂದ ಯುದ್ಧಸಾಲದ ಕಂತಾಗಿ ಮತ್ತೆ ಅಮೆರಿಕಕ್ಕೂ ಹರಿಯಿತು. ಹಳೆಯ ಸಾಲದ ಬಡ್ಡಿಗೆ ಹೊಸ ಸಾಲ ಕೊಡುವ ಈ ಪದ್ಧತಿ ಎಲ್ಲಿ ಮುಗಿಯುವುದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಜರ್ಮನಿ ಕೊಟ್ಟ ಪರಿಹಾರಕ್ಕಿಂತ ಅದು ಪಡೆದು ತೀರಿಸದೆ ಉಳಿಸಿದ ವಿದೇಶೀ ಸಾಲವೇ ಹೆಚ್ಚೆಂದು ಅಮೆರಿಕದ ಇತಿಹಾಸಕಾರ ಸ್ಟೀಫನ್ ಶೂಕರ್ ೧೯೮೮ರಲ್ಲಿ ವಾದಿಸಿದರು. ಯಂಗ್ ಯೋಜನೆಯು ೧೯೮೮ರ ವರೆಗೆ ಕಂತುಗಳನ್ನು ಬರೆದಿಟ್ಟಿತು; ಅದರ ನಿರ್ವಹಣೆಗೆಂದು ೧೯೩೦ರಲ್ಲಿ ಬಾಸೆಲ್ ನಗರದಲ್ಲಿ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಹುಟ್ಟಿತು. ೧೯೩೧ರಲ್ಲಿ ಅಮೆರಿಕದ ಅಧ್ಯಕ್ಷ ಹೂವರ್ ಒಂದು ವರ್ಷದ ವಿರಾಮವನ್ನು ಸಾರಿದರು. ೧೯೩೨ರ ಜುಲೈನಲ್ಲಿ ಲೊಸಾನ್ ಸಮ್ಮೇಳನ ಪರಿಹಾರವನ್ನು ಕಾರ್ಯತಃ ಮುಗಿಸಿಬಿಟ್ಟಿತು. ಬ್ಯಾಂಕು ಮಾತ್ರ ಇಂದಿಗೂ ಇದೆ.

ಈಗ ಹಿಟ್ಲರನ ವಿಷಯ. ೧೯೨೮ರ ಚುನಾವಣೆಯಲ್ಲಿ, ಅಂದರೆ ಪರಿಹಾರದ ಕಂತುಗಳು ಕ್ರಮವಾಗಿ ಸಲ್ಲುತ್ತಿದ್ದ ಕಾಲದಲ್ಲಿ, ಆತನ ಪಕ್ಷಕ್ಕೆ ದೊರೆತ ಮತ ಶೇಕಡಾ ೨.೬. ೧೯೩೦ರಲ್ಲಿ ಅದು ೧೮.೩ಕ್ಕೆ, ೧೯೩೨ರ ಜುಲೈನಲ್ಲಿ ೩೭.೩ಕ್ಕೆ ಏರಿತು. ಈ ನಡುವೆ ಬಂದದ್ದು ಜಗತ್ತಿನ ಆರ್ಥಿಕ ಕುಸಿತ ಮತ್ತು ಜರ್ಮನಿಯಲ್ಲಿ ಸುಮಾರು ೬೦ ಲಕ್ಷ ಜನರ ನಿರುದ್ಯೋಗ. ಪರಿಹಾರ ರದ್ದಾದ ತಿಂಗಳಿನಲ್ಲಿಯೇ ಆತನಿಗೆ ಅದುವರೆಗಿನ ಅತ್ಯಧಿಕ ಮತಗಳು ಬಂದವು. ಕೌಲಿನ ಅವಮಾನವು ಆತನ ಭಾಷಣಗಳಿಗೆ ವಸ್ತುವಾಯಿತೆಂಬುದು ನಿಜ. ಅದೇ ಆತನನ್ನು ಗದ್ದುಗೆಗೆ ಏರಿಸಿತೆಂಬುದು ಕಾಲಾನುಕ್ರಮಕ್ಕೆ ಒಗ್ಗದ ಮಾತು. ನಮ್ಮ ಪರೀಕ್ಷಾವಾಕ್ಯ ಅಷ್ಟರಮಟ್ಟಿಗೆ ತಿದ್ದುಪಡಿಗೆ ಅರ್ಹವಾಗಿದೆ.

೪

ಕೇನ್ಸರಿಗೆ ಅತ್ಯಂತ ಸಮರ್ಥವಾದ ಉತ್ತರವನ್ನು ಬರೆದವರು ಎತ್ಯೆನ್ ಮಾಂತೂ ಎಂಬ ಫ್ರೆಂಚ್ ತರುಣರು. ಅವರ ತಂದೆ ಪಾಲ್ ಮಾಂತೂ ಪ್ಯಾರಿಸಿನಲ್ಲಿ ನಾಲ್ವರು ನಾಯಕರ ನಡುವೆ ದುಭಾಷಿಯಾಗಿದ್ದವರು. ಮಗನು ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ, ಯುದ್ಧ ಮುಗಿಯಲು ಕೆಲವೇ ದಿನಗಳಿರುವಾಗ ೧೯೪೫ರ ಏಪ್ರಿಲಿನಲ್ಲಿ ಮಡಿದರು. ‘ಕಾರ್ಥೇಜಿನ ಶಾಂತಿ’ ಎಂಬ ಅವರ ಗ್ರಂಥ ಮರುವರ್ಷ ಪ್ರಕಟವಾಯಿತು. ಕೇನ್ಸರೂ ಅದೇ ೧೯೪೬ರ ಏಪ್ರಿಲ್ ೨೧ರಂದು ತೀರಿಕೊಂಡರು. ಹೀಗಾಗಿ ವಾದಿ, ಪ್ರತಿವಾದಿಗಳಿಬ್ಬರೂ ಇಲ್ಲದ ನ್ಯಾಯಾಲಯದಲ್ಲಿ ಈ ವಾದ ಇನ್ನೂ ನಡೆದಿದೆ.

ಮಾಂತೂ ಅವರ ವಾದದ ಸಾರವಿಷ್ಟು. ಯುರೋಪಿನ ಕಬ್ಬಿಣ, ಉಕ್ಕು, ಕಲ್ಲಿದ್ದಲುಗಳ ಉತ್ಪಾದನೆ ಕುಗ್ಗುವುದೆಂಬ ಕೇನ್ಸರ ಭವಿಷ್ಯ ಒಂದು ದಶಕದೊಳಗೆ ಸುಳ್ಳಾಯಿತು. ಪರಿಹಾರ ಕೊಡಲಾರದೆಂದು ಹೇಳಲಾದ ಜರ್ಮನಿಯೇ ಹಿಟ್ಲರನ ಕಾಲದಲ್ಲಿ ಶಸ್ತ್ರಾಸ್ತ್ರಗಳಿಗಾಗಿ ಅದರ ಎಷ್ಟೋ ಪಟ್ಟು ವೆಚ್ಚಮಾಡಿತು. ೧೯೩೯ರ ಸೆಪ್ಟೆಂಬರ್ ೧ರಂದು ಹಿಟ್ಲರನು ತನ್ನ ಸೇನಾಸಿದ್ಧತೆಗೆ ೯,೦೦೦ ಕೋಟಿ ಮಾರ್ಕುಗಳಿಗೂ ಮಿಕ್ಕಿ ವೆಚ್ಚಮಾಡಿದ್ದೇನೆಂದು ಹೇಳಿಕೊಂಡನು. ಅದರಲ್ಲಿ ಬಡಾಯಿಯ ಪಾಲನ್ನು ಕಳೆದರೂ ಉಳಿಯುವ ಮೊತ್ತ ದೊಡ್ಡದೇ. ಆದ್ದರಿಂದ ಕೊಡಲು ಶಕ್ತಿಯಿತ್ತು, ಮನಸ್ಸಿರಲಿಲ್ಲ ಎಂಬುದು ಮಾಂತೂ ಅವರ ತೀರ್ಪು.

ಈ ವಾದದಲ್ಲಿ ಒಂದು ಬಿರುಕಿದೆ. ಒಳದೇಶದಲ್ಲಿ ಮಾಡಿದ ವೆಚ್ಚವೂ ಹೊರದೇಶಕ್ಕೆ ಕೊಟ್ಟ ಹಣವೂ ಒಂದೇ ಅಲ್ಲ. ಫಿರಂಗಿಯನ್ನು ಮಾಡಿದ ಕಾರ್ಮಿಕನಿಗೆ ಮಾರ್ಕುಗಳಲ್ಲಿ ಕೂಲಿ ಕೊಡಬಹುದು. ಪ್ಯಾರಿಸಿಗೆ ಕಂತನ್ನು ಚಿನ್ನದಲ್ಲಿ ಅಥವಾ ಹೊರನಾಣ್ಯದಲ್ಲಿ ಕೊಡಬೇಕು. ಕೇನ್ಸರ ಮೂರನೆಯ ಪ್ರಶ್ನೆಯನ್ನು ಮಾಂತೂ ಎರಡನೆಯದರೊಳಗೆ ಬೆರೆಸಿಬಿಡುತ್ತಾರೆ. ೧೯೨೯ರಲ್ಲಿ ಕೇನ್ಸರಿಗೂ ಸ್ವೀಡನ್ನಿನ ಬರ್ಟಿಲ್ ಓಲಿನರಿಗೂ ಇದೇ ವಿಷಯವಾಗಿ ನಡೆದ ವಿವಾದ ಅರ್ಥಶಾಸ್ತ್ರದಲ್ಲಿ ಪ್ರಸಿದ್ಧವಾದುದು; ಕೊಳ್ಳುವ ಶಕ್ತಿಯೂ ಹಣದೊಡನೆ ಸ್ಥಳಾಂತರ ಹೊಂದುವುದರಿಂದ ತೊಂದರೆ ಕೇನ್ಸರು ಹೇಳಿದಷ್ಟಿಲ್ಲವೆಂದು ಓಲಿನ್ ತೋರಿಸಿದರು.

ಆದರೂ ಮಾಂತೂ ಅವರ ಮಾತಿನಲ್ಲಿ ಕೇನ್ಸರು ಕಾಣದೆ ಬಿಟ್ಟ ಒಂದು ಸತ್ಯ ಉಳಿದೇ ಉಳಿಯುತ್ತದೆ. ೧೮೭೧ರಲ್ಲಿ ಬಿಸ್ಮಾರ್ಕನು ಸೋತ ಫ್ರಾನ್ಸಿನ ಮೇಲೆ ೫೦೦ ಕೋಟಿ ಫ್ರಾಂಕುಗಳ ದಂಡವನ್ನು ಹೇರಿದ್ದನು. ೧೮೭೩ರ ಸೆಪ್ಟೆಂಬರಿನ ಹೊತ್ತಿಗೆ ಫ್ರಾನ್ಸ್ ಅದನ್ನು ತೀರಿಸಿಬಿಟ್ಟಿತು. ದುಡ್ಡು ಮುಟ್ಟುವ ತನಕ ಹೋಗದಿದ್ದ ಜರ್ಮನ್ ಸೇನೆ ಹೊರಟುಹೋಯಿತು. ಫ್ರೆಂಚ್ ಜನರು ಸರಕಾರದ ಋಣಪತ್ರಗಳನ್ನು ಮುಗಿಬಿದ್ದು ಕೊಂಡರು. ಮೊತ್ತ ಚಿಕ್ಕದು, ಕಾಲ ಬೇರೆ ಎಂಬ ಕೇನ್ಸರ ಸಮಾಧಾನ ಸರಿಯೇ. ಆದರೆ ತೀರಿಸುವುದರಿಂದ ಬಿಡುಗಡೆಯುಂಟೆಂಬ ನಂಬಿಕೆ ಇದ್ದಲ್ಲಿ ಶಕ್ತಿ ಹುಟ್ಟುವುದು, ಇಲ್ಲದಲ್ಲಿ ಇದ್ದ ಶಕ್ತಿಯೂ ಅಡಗುವುದು ಎಂಬುದು ಸಾಲವಿಭಾಗದ ದಿನನಿತ್ಯದ ಅನುಭವ. ಕೇನ್ಸರು ಋಣಿಯ ಜೇಬನ್ನು ಅಳೆದರು. ಋಣಿಯ ಮನಸ್ಸು ಅವರ ಅಂಕಣಗಳಲ್ಲಿ ಬರಲೇ ಇಲ್ಲ. ವಿಚಿತ್ರವೆಂದರೆ, ಮೊತ್ತವನ್ನು ಇಳಿಸಬೇಕೆಂಬುದಕ್ಕೆ ಅತ್ಯುತ್ತಮ ಕಾರಣವೂ ಅದೇ ಆಗಿತ್ತು.

ಹಾಗೆಯೇ, ಕೊನೆಯ ಅಧ್ಯಾಯದಲ್ಲಿ ಅವರು ಸೂಚಿಸಿದ ಪರಿಹಾರೋಪಾಯಗಳನ್ನು ಆಗ ಯಾರೂ ಗಮನಿಸಲಿಲ್ಲ. ಮಿತ್ರರಾಷ್ಟ್ರಗಳು ಪರಸ್ಪರ ಕೊಡಬೇಕಾಗಿದ್ದ ಸುಮಾರು ೪೦೦ ಕೋಟಿ ಪೌಂಡುಗಳ ಸಾಲವನ್ನು ರದ್ದುಮಾಡಬೇಕೆಂಬುದು ಅವುಗಳಲ್ಲೊಂದು. ಅಮೆರಿಕ ತನ್ನ ಸಾಲವನ್ನು ಬಿಡದಿದ್ದರೆ ಫ್ರಾನ್ಸ್ ಜರ್ಮನಿಯನ್ನು ಬಿಡಲಾರದು. ಈ ಸರಪಳಿಯ ಕೊಂಡಿಯನ್ನು ಅಷ್ಟು ಮುಂಚೆಯೇ ಗುರುತಿಸಿದ್ದು ಗ್ರಂಥದ ನಿಜವಾದ ದೂರದೃಷ್ಟಿ. ನಾಯಕರ ಮೇಲಿನ ಹಾಸ್ಯವನ್ನು ಜಗತ್ತು ನೆನಪಿಟ್ಟಿತು, ಈ ಸಲಹೆಯನ್ನು ಮರೆಯಿತು.

೫

ಇನ್ನು ಮೂರನೆಯ ಪ್ರಶ್ನೆ: ಯಾರ ಖಾತೆ? ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಯುದ್ಧಪೂರ್ವದ ಸುವರ್ಣಯುಗದ ಒಂದು ಚಿತ್ರವಿದೆ. ಲಂಡನ್ನಿನ ನಿವಾಸಿಯೊಬ್ಬನು ಹಾಸಿಗೆಯಲ್ಲಿ ಬೆಳಗಿನ ಚಹಾ ಹೀರುತ್ತ, ದೂರವಾಣಿಯ ಮೂಲಕ ಜಗತ್ತಿನ ಯಾವ ಮೂಲೆಯ ಸರಕನ್ನಾದರೂ ತರಿಸಿಕೊಳ್ಳಬಲ್ಲವನಾಗಿದ್ದನು ಎಂಬುದು ಅದರ ತಾತ್ಪರ್ಯ. ಎಷ್ಟೋ ವಿದ್ವಾಂಸರು ಈ ಭಾಗವನ್ನು ಮೆಚ್ಚಿ ಎತ್ತಿಕೊಂಡಿದ್ದಾರೆ. ಆ ಚಹಾ ಅಸ್ಸಾಮಿನದೋ ಸಿಂಹಳದ್ದೋ ಆಗಿದ್ದಿರಬೇಕು; ಅದನ್ನು ಕೀಳಿದ ಕೂಲಿಯಾಳಿನ ಬೆಳಗು ಹೇಗಿತ್ತೆಂಬ ಪ್ರಶ್ನೆಗೆ ಗ್ರಂಥದಲ್ಲಿ ಎಡೆಯಿಲ್ಲ.

ಇದು ಅಜ್ಞಾನದಿಂದಾದ ಲೋಪವಲ್ಲ. ಕೇನ್ಸರು ೧೯೦೬ರಿಂದ ೧೯೦೮ರ ವರೆಗೆ ಲಂಡನ್ನಿನ ಇಂಡಿಯಾ ಕಚೇರಿಯಲ್ಲಿ ನೌಕರಿಯಲ್ಲಿದ್ದವರು. ಅವರ ಮೊದಲ ಗ್ರಂಥವೇ ೧೯೧೩ರಲ್ಲಿ ಬಂದ ‘ಭಾರತದ ನಾಣ್ಯ ಮತ್ತು ಹಣಕಾಸು’. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ಅದರ ಲೆಕ್ಕಪತ್ರಗಳನ್ನು ಅವರಷ್ಟು ಬಲ್ಲವರು ಇಂಗ್ಲೆಂಡಿನಲ್ಲಿ ವಿರಳ. ಅಂತಹವರು ಯುದ್ಧದ ಜಮಾ-ಖರ್ಚನ್ನು ಬರೆಯುವಾಗ ಕೆಲವು ಕಲಮುಗಳನ್ನು ಬಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕಾಗಿ ಕಡಲು ದಾಟಿದ್ದರು. ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. ೧೯೧೭ರಲ್ಲಿ ಭಾರತ ಸರಕಾರವು ೧೦ ಕೋಟಿ ಪೌಂಡುಗಳನ್ನು ಬ್ರಿಟನ್ನಿಗೆ ಯುದ್ಧಕಾಣಿಕೆಯಾಗಿ ಒಪ್ಪಿಸಿತು. ಕೇನ್ಸರು ಸೋತ ಜರ್ಮನಿಯಿಂದ ವರ್ಷಕ್ಕೆ ಪಡೆಯಬಹುದೆಂದು ಹೇಳಿದ ಕಂತು ೫ ಕೋಟಿ. ಎಂದರೆ ಶಸ್ತ್ರವೆತ್ತಿ ಸೋತ ಶ್ರೀಮಂತ ರಾಷ್ಟ್ರದ ಎರಡು ವರ್ಷದ ದಂಡಕ್ಕೆ ಸಮನಾದ ಹಣವನ್ನು, ಗೆದ್ದವರ ಪಕ್ಷದಲ್ಲಿದ್ದ ಬಡದೇಶವು ಒಮ್ಮೆಗೇ ಕಾಣಿಕೆಯೆಂಬ ಹೆಸರಿನಲ್ಲಿ ಕೊಟ್ಟಿತು. ಆ ದೇಶದ ಶಕ್ತಿಯನ್ನು ಅಳೆಯಲು ಯಾರೂ ಅಧ್ಯಾಯವೊಂದನ್ನು ಬರೆಯಲಿಲ್ಲ.

ಭಾರತವೂ ವರ್ಸೇಲ್ಸ್ ಕೌಲಿಗೆ ಸಹಿ ಹಾಕಿದೆ. ಹಾಕಿದವರು ಭಾರತ ಸಚಿವ ಮಾಂಟೆಗ್ಯು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗರು. ರಾಷ್ಟ್ರೀಯ ಕಾಂಗ್ರೆಸ್ಸು ತನ್ನ ಪ್ರತಿನಿಧಿಯನ್ನಾಗಿ ಆರಿಸಿದ್ದ ಲೋಕಮಾನ್ಯ ಟಿಳಕರು ಆಗ ಲಂಡನ್ನಿನಲ್ಲಿಯೇ ಇದ್ದರೂ ಪ್ಯಾರಿಸಿಗೆ ಹೋಗಲು ಅನುಮತಿ ದೊರೆಯಲಿಲ್ಲ. ಸಮ್ಮೇಳನ ನಡೆಯುತ್ತಿದ್ದಾಗಲೇ ಏಪ್ರಿಲ್ ೧೩ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆಯಿತು. ಆ ತಿಂಗಳ ೧೧ರಂದು ಜನಾಂಗಸಮಾನತೆಯ ವಾಕ್ಯವೊಂದನ್ನು ರಾಷ್ಟ್ರಸಂಘದ ನಿಬಂಧನೆಯಲ್ಲಿ ಸೇರಿಸಬೇಕೆಂದು ಜಪಾನ್ ತಂದ ಸೂಚನೆ, ಬಹುಮತ ಪಡೆದರೂ ಸರ್ವಾನುಮತವಿಲ್ಲವೆಂಬ ಕಾರಣದಿಂದ ಬಿದ್ದುಹೋಯಿತು. ಷಾಂಡುಂಗ್ ಪ್ರಾಂತವನ್ನು ಜಪಾನಿಗೆ ಬಿಟ್ಟುಕೊಟ್ಟ ಸುದ್ದಿಗೆ ಮೇ ೪ರಂದು ಪೀಕಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಕೌಲಿನ ಪರಿಣಾಮಗಳೆಂದರೆ ಇವೂ ಪರಿಣಾಮಗಳೇ. ಕೇನ್ಸರ ಗ್ರಂಥವನ್ನು ಓದಿದವರಿಗೆ ಇವುಗಳ ಸುಳಿವು ದೊರೆಯುವುದಿಲ್ಲ.

ಪರಿಹಾರದಲ್ಲಿ ಭಾರತಕ್ಕೆ ಬಂದ ಪಾಲೆಷ್ಟೆಂಬುದನ್ನೂ ನೋಡಿಬಿಡೋಣ. ೧೯೨೦ರ ಸ್ಪಾ ಸಮ್ಮೇಳನದಲ್ಲಿ ಬ್ರಿಟಿಷ್ ಸಾಮ್ರಾಜ್ಯಕ್ಕೆ ಶೇಕಡಾ ೨೨ ಎಂದಾಯಿತು. ಆ ಭಾಗದಲ್ಲಿ ಭಾರತಕ್ಕೆ ಶೇಕಡಾ ೧.೨. ಗುಣಿಸಿ ನೋಡಿದರೆ, ಜರ್ಮನಿ ಕೊಟ್ಟ ಪ್ರತಿ ನೂರು ರೂಪಾಯಿಗೆ ಸುಮಾರು ೨೬ ಪೈಸೆ.

೬

ಇಷ್ಟಕ್ಕೇ ನಿಲ್ಲಿಸಿದರೆ ಗ್ರಂಥಕರ್ತರಿಗೆ ಅನ್ಯಾಯ ಮಾಡಿದಂತಾಗುವುದು. ಬಿಟ್ಟದ್ದನ್ನು ಎತ್ತಿ ತೋರಿಸುವುದು ಸುಲಭ. ಅವರು ಹಿಡಿದ ತತ್ತ್ವವನ್ನು ಸ್ವತಃ ತಮ್ಮ ದೇಶವೇ ಋಣಿಯಾದಾಗ ಹೇಗೆ ಬಳಸಿದರೆಂಬುದು ಹೆಚ್ಚಿನ ಪರೀಕ್ಷೆ. ಅದಕ್ಕೆ ಚರಿತ್ರೆಯೇ ಅವಕಾಶವನ್ನು ಒದಗಿಸಿತು, ಮತ್ತು ಉತ್ತಮರ್ಣನ ಪೀಠದಲ್ಲಿ ಭಾರತವನ್ನು ಕೂರಿಸಿತು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ಭಾರತ ಒದಗಿಸಿದ ಸರಕು, ಸೇವೆಗಳಿಗೆ ನಗದು ಬರಲಿಲ್ಲ. ಲಂಡನ್ನಿನಲ್ಲಿ ಪೌಂಡುಗಳ ಜಮಾ ಮಾತ್ರ ಬರೆದರು. ಆ ಜಮೆಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ರಿಜರ್ವ್ ಬ್ಯಾಂಕು ನೋಟುಗಳನ್ನು ಹೊರಡಿಸಿತು. ಚಲಾವಣೆಯಲ್ಲಿದ್ದ ನೋಟುಗಳು ಯುದ್ಧಕಾಲದಲ್ಲಿ ಆರು ಪಟ್ಟಿಗೂ ಮಿಕ್ಕಿ ಬೆಳೆದವು, ಬೆಲೆಗಳು ಏರಿದವು, ೧೯೪೩ರಲ್ಲಿ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ನುಂಗಿತು. ಯುದ್ಧದ ಕೊನೆಗೆ ಲಂಡನ್ನಿನಲ್ಲಿ ಭಾರತದ ಹೆಸರಿನಲ್ಲಿದ್ದ ಮೊತ್ತ ಸುಮಾರು ೧೩೦ ಕೋಟಿ ಪೌಂಡು, ಆಗಿನ ದರದಲ್ಲಿ ಸುಮಾರು ೧,೭೦೦ ಕೋಟಿ ರೂಪಾಯಿ. ಅರೆಹೊಟ್ಟೆಯ ಜನ ಮಾಡಿದ ಬಲವಂತದ ಉಳಿತಾಯವೆಂದು ಅದನ್ನು ಕರೆದರೆ ತಪ್ಪಾಗಲಾರದು.

೧೯೪೪ರ ಜುಲೈನಲ್ಲಿ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಭಾರತದ ನಿಯೋಗ ಈ ಸಾಲದ ಪ್ರಶ್ನೆಯನ್ನು ಎತ್ತಿತು. ನಿಯೋಗದಲ್ಲಿ ರಿಜರ್ವ್ ಬ್ಯಾಂಕಿನ ಗವರ್ನರ್ ಚಿಂತಾಮಣಿ ದೇಶಮುಖರು, ಷಣ್ಮುಖಂ ಚೆಟ್ಟಿಯವರು, ಮುಂಬಯಿಯ ಎ. ಡಿ. ಶ್ರಾಫರು ಇದ್ದರು. ಹೊಸ ಅಂತರರಾಷ್ಟ್ರೀಯ ನಿಧಿಯ ಮೂಲಕ ಈ ಬಾಕಿಯ ಒಂದು ಭಾಗವನ್ನಾದರೂ ಇತರ ನಾಣ್ಯಗಳಿಗೆ ಪರಿವರ್ತಿಸಿಕೊಳ್ಳಲು ಅವಕಾಶವಿರಬೇಕೆಂಬುದು ಅವರ ಬೇಡಿಕೆ. ಅದು ತಿರಸ್ಕೃತವಾಯಿತು. ಬ್ರಿಟನ್ನಿನ ಪರವಾಗಿ ಎದ್ದುನಿಂತ ಕೇನ್ಸರು, ಇದು ತಮಗೂ ಸಾಲಕೊಟ್ಟವರಿಗೂ ನೇರವಾಗಿ ಸಂಬಂಧಪಟ್ಟ ವಿಷಯವೆಂದೂ ಋಣವನ್ನು ಗೌರವದಿಂದ ತೀರಿಸುವೆವೆಂದೂ ಹೇಳಿದರು. ಮುಂದಿನ ವರ್ಷ ಅಮೆರಿಕದಿಂದ ೩೭೫ ಕೋಟಿ ಡಾಲರು ಸಾಲ ತರಲು ಹೋದಾಗ, ಈ ಬಾಕಿಗಳನ್ನು ಮೂರು ಭಾಗ ಮಾಡುವ ಯೋಜನೆ ಅವರ ಕೈಯಲ್ಲಿತ್ತು: ಒಂದು ಭಾಗ ಕೂಡಲೆ ಬಿಡುಗಡೆ, ಒಂದು ಭಾಗ ದೀರ್ಘಾವಧಿಯ ಕಂತು, ಉಳಿದದ್ದು ಉತ್ತಮರ್ಣರ ಯುದ್ಧದೇಣಿಗೆಯೆಂದು ವಜಾ.

ಇದು ಕಪಟವೇ? ಹಾಗೆನ್ನಲಾಗದು. ಯುದ್ಧದಿಂದ ಹುಟ್ಟಿದ ಸಾಲಗಳು ಶಾಂತಿಯ ಕಾಲದಲ್ಲಿ ವಸೂಲಾಗಲಾರವು ಎಂದು ೧೯೧೯ರಲ್ಲಿ ಹೇಳಿದವರೇ ೧೯೪೫ರಲ್ಲಿಯೂ ಹೇಳಿದರು. ಋಣಿಯ ಶಕ್ತಿಯನ್ನು ನೋಡಿ ಕಂತು ಕಟ್ಟಿರೆಂಬ ಅವರ ತತ್ತ್ವ ಎರಡು ಸಲವೂ ಒಂದೇ. ಆದರೆ ತತ್ತ್ವದ ಕುಂದು ಈಗ ಬಯಲಾಯಿತು. ಅದು ಅಧಮರ್ಣನ ಶಕ್ತಿಯನ್ನು ಮಾತ್ರ ಅಳೆಯುತ್ತದೆ, ಉತ್ತಮರ್ಣನ ಅವಶ್ಯಕತೆಯನ್ನು ಅಳೆಯುವುದಿಲ್ಲ. ಅಮೆರಿಕವು ಯುರೋಪಿನ ಸಾಲವನ್ನು ಬಿಟ್ಟರೆ ಅಲ್ಲಿ ಯಾರೂ ಉಪವಾಸ ಬೀಳುತ್ತಿರಲಿಲ್ಲ. ಭಾರತಕ್ಕೆ ಅದೇ ಔದಾರ್ಯವನ್ನು ಉಪದೇಶಿಸುವಾಗ, ಕೊಟ್ಟವನು ತೆಗೆದುಕೊಂಡವನಿಗಿಂತ ಬಡವನೆಂಬ ಸಂಗತಿ ಎದುರಿಗಿತ್ತು. ಧರ್ಮಶಾಸ್ತ್ರಗಳ ಸಂಸ್ಕೃತ ಸಾಲಕೊಟ್ಟವನನ್ನು ಉತ್ತಮರ್ಣನೆಂದೂ ಪಡೆದವನನ್ನು ಅಧಮರ್ಣನೆಂದೂ ಕರೆಯಿತು. ಅಧಮನೇ ಉತ್ತಮನ ಒಡೆಯನಾಗಿರುವ ಖಾತೆಯನ್ನು ಆ ಶಾಸ್ತ್ರಕಾರರೂ ಕಂಡಿರಲಾರರು.

ಭಾರತದ ಮಟ್ಟಿಗೆ ವಜಾ ಮಾಡುವ ಯೋಜನೆ ನಡೆಯಲಿಲ್ಲ. ೧೯೪೭ ಮತ್ತು ೧೯೪೮ರ ಒಪ್ಪಂದಗಳಲ್ಲಿ ಸೇನಾಸಾಮಗ್ರಿಯ ಬೆಲೆಗೂ ಬ್ರಿಟಿಷ್ ಅಧಿಕಾರಿಗಳ ನ���ವೃತ್ತಿವೇತನಕ್ಕೂ ಒಂದು ಭಾಗ ಕಳೆದು, ಉಳಿದದ್ದು ಕಂತುಕಂತಾಗಿ ಬಂದಿತು. ೧೯೪೯ರ ಸೆಪ್ಟೆಂಬರಿನಲ್ಲಿ ಪೌಂಡಿನ ಅಪಮೌಲ್ಯವಾದಾಗ ಉಳಿದ ಬಾಕಿ ಡಾಲರಿನ ಲೆಕ್ಕದಲ್ಲಿ ಒಂದೇ ರಾತ್ರಿಗೆ ಶೇಕಡಾ ೩೦ರಷ್ಟು ಕುಗ್ಗಿತು. ಸಾಲವನ್ನು ವಜಾ ಮಾಡಲು ಸಮ್ಮೇಳನವೇ ಬೇಕೆಂದಿಲ್ಲವೆಂಬುದು ಇದರಿಂದ ಸ್ಪಷ್ಟ.

ಜರ್ಮನಿಯ ಕಥೆಯಾದರೋ ಕೇನ್ಸರ ತತ್ತ್ವದ ಜಯದಲ್ಲಿ ಮುಗಿಯಿತು. ೧೯೫೩ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ, ಹರ್ಮನ್ ಯೋಸೆಫ್ ಆಬ್ಸ್ ಎಂಬ ಬ್ಯಾಂಕುಗಾರನ ನೇತೃತ್ವದ ನಿಯೋಗದೊಡನೆ ಆದ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಹಳೆಯ ಸಾಲವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ರಫ್ತಿನ ಶಕ್ತಿಗೆ ತಕ್ಕಂತೆ ಕಂತು ಕಟ್ಟಿದರು. ಕೆಲವು ಬಡ್ಡಿಯ ಬಾಕಿಯನ್ನು ದೇಶ ಒಂದಾಗುವ ತನಕ ತಡೆಹಿಡಿದರು. ಡಾವ್ಸ್ ಮತ್ತು ಯಂಗ್ ಸಾಲಗಳ ಆ ಕೊನೆಯ ಬಾಕಿ ಸಂದಾಯವಾದದ್ದು ೨೦೧೦ರ ಅಕ್ಟೋಬರ್ ೩ರಂದು. ೨೦೧೫ರಲ್ಲಿ ಗ್ರೀಸ್ ದೇಶ ಸಾಲದ ಸಂಕಟದಲ್ಲಿದ್ದಾಗ ಹಲವರು ಈ ಒಪ್ಪಂದವನ್ನು ಜರ್ಮನಿಗೆ ನೆನಪಿಸಿದರು. ನೆನಪಿಸಿದ್ದರಿಂದ ಅರ್ಧದಷ್ಟು ಸಾಲವೇನೂ ಇಳಿಯಲಿಲ್ಲ.

೭

ಒಟ್ಟಿನ ಅಭಿಪ್ರಾಯ ಹೀಗೆ. ಹೊಣೆ, ಶಕ್ತಿ, ಸಂದಾಯಮಾರ್ಗ ಇವುಗಳನ್ನು ಬೇರ್ಪಡಿಸಿ ತೋರಿದ ಕೇನ್ಸರ ಗ್ರಂಥ ರಾಷ್ಟ್ರಗಳ ನಡುವಿನ ಸಾಲದ ವಿಷಯದಲ್ಲಿ ಇಂದಿಗೂ ಮೊದಲ ಪಾಠ. ಅದರ ಭವಿಷ್ಯವಾಣಿಯಲ್ಲಿ ಉತ್ಪಾದನೆಯ ಭಾಗ ಸುಳ್ಳಾಯಿತು, ಸೇಡಿನ ಭಾಗ ಬೇರೆ ಕಾರಣಗಳೊಡನೆ ಕೂಡಿ ನಿಜವಾಯಿತು. ಋಣಿಯ ಇಚ್ಛೆಯನ್ನೂ, ಬಡ ಉತ್ತಮರ್ಣನ ಹಸಿವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯುರೋಪಿನ ಹೊರಗಿನ ಜಗತ್ತು ಅದರಲ್ಲಿ ಚಹಾದ ಬಟ್ಟಲಿನಷ್ಟೇ ಇದೆ.

ಕನ್ನಡದಲ್ಲಿ ಆಧುನಿಕ ಜಗತ್ತಿನ ಚರಿತ್ರೆಯನ್ನು ಬರೆಯುವವರಲ್ಲಿ ಈ ಲೇಖಕನ ವಿನಂತಿ ಎರಡೇ. ವರ್ಸೇಲ್ಸಿನಿಂದ ಹಿಟ್ಲರನಿಗೆ ಎಳೆಯುವ ನೇರ ಗೆರೆಯನ್ನು ಪಠ್ಯಪುಸ್ತಕಗಳಿಂದ ತೆಗೆದು, ನಡುವೆ ೧೯೨೪, ೧೯೨೯, ೧೯೩೨ ಎಂಬ ಮೂರು ವರ್ಷಗಳನ್ನಾದರೂ ಬರೆಯಬೇಕು. ಮತ್ತು ೧೯೧೯ರ ಲೆಕ್ಕವನ್ನು ಕಲಿಸುವಾಗ ೧೯೪೪ರ ಲೆಕ್ಕವನ್ನೂ ಅದರ ಮಗ್ಗುಲಲ್ಲಿ ಇಡಬೇಕು. ಈ ಮುಂಬಯಿಯಲ್ಲಿ, ಆ ಪೌಂಡು ಬಾಕಿಯ ಖಾತೆಗಳನ್ನು ಬರೆದಿಟ್ಟ ರಿಜರ್ವ್ ಬ್ಯಾಂಕಿನ ಕಟ್ಟಡದ ಮುಂದೆ ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಹಾದುಹೋಗುತ್ತೇವೆ. ಆ ಖಾತೆಗಳು ಬಂಗಾಳದ ಹಸಿವಿನ ಖಾತೆಗಳೂ ಹೌದು. ಅವನ್ನು ಓದಿ ಕನ್ನಡದಲ್ಲಿ ಬರೆಯುವ ಕೆಲಸ ನಮ್ಮ ಸಂಘದ ತರುಣ ಸಂಶೋಧಕರಿಗಾಗಿ ಕಾದಿದೆ.